ಓಲಾಂಜಪಿನ್ ಶುರುವಾದ ಮೇಲೆ ತೂಕ ಏರುತ್ತಿದೆ, ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ಸ್ಕಿಜೋಫ್ರೇನಿಯಾಗೆ ಓಲಾಂಜಪಿನ್ ಶುರು ಮಾಡಿದ ಎರಡೇ ತಿಂಗಳಲ್ಲಿ ಮಗನ ತೂಕ 62ರಿಂದ 68 ಕೆ.ಜಿ.ಗೆ ಏರಿದೆ. ಅನುಮಾನ, ಕೂಗಾಟ ನಿಂತಿವೆ. ಇನ್ನು ಮಾತ್ರೆ ನಿಲ್ಲಿಸಬಹುದೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ನಿದ್ದೆಗೆಟ್ಟು ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಹಾಗೆಂದು ಮುಂದಿನ ತಾರೀಖಿನವರೆಗೆ ಕಾಯುವುದೂ ಸರಿಯಲ್ಲ. ಮೊದಲಿದ್ದ ತೂಕಕ್ಕಿಂತ ಶೇ 5ರಷ್ಟು, ಅಂದರೆ ನಿಮ್ಮ ಮಗನಿಗೆ ಸುಮಾರು 3 ಕೆ.ಜಿ., ಏರಿದರೇ ಚಿಕಿತ್ಸೆಯನ್ನು ಮತ್ತೆ ನೋಡಬೇಕು. ಅವನು ಅದರ ಎರಡರಷ್ಟು ಏರಿದ್ದಾನೆ. ಈ ವಾರವೇ ವೈದ್ಯರನ್ನು ಕಾಣಿ.

ದಯವಿಟ್ಟು ಅವನನ್ನು ಹೊಟ್ಟೆಬಾಕ ಎಂದು ಬೈಯಬೇಡಿ. ಈ ಔಷಧಿ ಮೆದುಳಿನಲ್ಲಿ ಹಿಸ್ಟಮಿನ್ ಮತ್ತು ಸೆರೊಟೋನಿನ್ ಎಂಬ ರಾಸಾಯನಿಕಗಳ ಕೆಲಸವನ್ನು ತಡೆಯುವುದರಿಂದ ಉಂಡೆದ್ದರೂ ಹೊಟ್ಟೆ ತುಂಬಿದಂತೆ ಅನ್ನಿಸುವುದಿಲ್ಲ. ಮಂಪರಿನಿಂದ ಓಡಾಟವೂ ತಗ್ಗುತ್ತದೆ. ತೂಕ ಹೆಚ್ಚದವರಲ್ಲೂ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಏರಬಹುದು. ಸಣ್ಣಗಿದ್ದಾನೆಂದು ರಕ್ತಪರೀಕ್ಷೆ ಬಿಡುವಂತಿಲ್ಲ.

ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್, ಬಿ.ಪಿ. ಇವಿಷ್ಟನ್ನೂ ಔಷಧಿ ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಖಾಲಿ ಹೊಟ್ಟೆಯ ಸಕ್ಕರೆ 100 ದಾಟಿದರೆ ಎಚ್ಚರ. 126 ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲೂ ಹಾಗೇ ಇದ್ದರೆ ಮಧುಮೇಹ. ಮನೆಯಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹೊಕ್ಕುಳ ಮಟ್ಟದ ಸುತ್ತಳತೆಯನ್ನೂ ಟೇಪಿನಿಂದ ಅಳೆಯಿರಿ. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ.

ವೈದ್ಯರನ್ನು ಎರಡು ವಿಷಯ ಕೇಳಿ. ಒಂದು, ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಅನ್ನೂ ಜೊತೆಗೆ ಕೊಡಬಹುದೇ? ಮಧುಮೇಹ ಇಲ್ಲದವರಿಗೂ ತೂಕ ಏರದಂತೆ ತಡೆಯಲು ಕೊಡುತ್ತಾರೆ. ಕಿಡ್ನಿ ಪರೀಕ್ಷೆ ಮಾಡಿಸಿ, ಸಾಮಾನ್ಯವಾಗಿ 500 ಮಿ.ಗ್ರಾಂ.ನಿಂದ, ಊಟದ ಜೊತೆ ಶುರು ಮಾಡಿ, ಮೆಲ್ಲಗೆ ಏರಿಸುತ್ತಾರೆ. ಆತುರದಿಂದ ಏರಿಸಿದರೆ ಭೇದಿ, ವಾಕರಿಕೆ ಆಗಿ ಹಲವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಹುಕಾಲ ತೆಗೆದುಕೊಂಡರೆ ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಬೇಕು. ತೂಕ ಏರಿದ ಮೇಲೆ ಇಳಿಸುವುದಕ್ಕಿಂತ ಏರುತ್ತಿರುವಾಗಲೇ ತಡೆಯುವುದು ಸುಲಭ, ಅದಕ್ಕೇ ಬೇಗ ಕೇಳಿ. ಎರಡು, ಅರಿಪಿಪ್ರಜೋಲ್, ಲುರಾಸಿಡೋನ್‌ನಂಥ ತೂಕ ಕಡಿಮೆ ಏರಿಸುವ ಔಷಧಿಗೆ ಬದಲಾಯಿಸಬಹುದೇ? ಹಳೆಯದನ್ನು ವಾರಗಟ್ಟಲೆ ಇಳಿಸುತ್ತಾ ಹೊಸದನ್ನು ಏರಿಸುತ್ತಾರೆ. ಆಗ ನಿದ್ದೆ, ಅನುಮಾನದ ಮಾತಿನ ಮೇಲೆ ಕಣ್ಣಿಡಿ. ಬೇರೆ ಔಷಧಿ ಫಲಿಸದೆ ಕ್ಲೋಜಪಿನ್‌ಗೆ ಬಂದವರಿಗೆ ಈ ದಾರಿ ಬಹುಮಟ್ಟಿಗೆ ಇಲ್ಲ, ಮೆಟ್‌ಫಾರ್ಮಿನ್ನೇ ಮುಖ್ಯ.

ಊಟದಲ್ಲಿ ಮೊದಲು ಕೋಸಂಬರಿ, ಪಲ್ಯ, ಕಾಳು ಬಡಿಸಿ. ಅನ್ನ ಅಥವಾ ಮುದ್ದೆ ಆಮೇಲೆ, ಒಂದೇ ಸಲ. ರಾಗಿಯಾದರೆ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ಬೇಡ, ದೊಡ್ಡ ಮುದ್ದೆಯಲ್ಲೂ ಹಿಟ್ಟು ಹಿಟ್ಟೇ. ಬಾಯಿ ಒಣಗಿತೆಂದು ಜ್ಯೂಸು, ಸಿಹಿ ಸೋಡಾ ಕುಡಿಯುವುದು ದೊಡ್ಡ ಕೇಡು. ನೀರು, ನೀರು ಮಜ್ಜಿಗೆ ಸಾಕು. ಬೇಕರಿ ತಿಂಡಿ ಮನೆಗೇ ತರಬೇಡಿ. ಎದುರಿಗಿಟ್ಟು ತಿನ್ನಬೇಡ ಎಂದರೆ ಈ ಹಸಿವಿಗೆ ಅದು ಸಾಧ್ಯವಿಲ್ಲದ ಮಾತು. ದಿನಕ್ಕೆ ಅರ್ಧ ಗಂಟೆ ನೀವೇ ಜೊತೆಗೆ ನಡೆಯಿರಿ.

ಬೀಡಿ, ಸಿಗರೇಟು ಬಿಡುವುದಾದರೆ ವೈದ್ಯರಿಗೆ ಮೊದಲೇ ಹೇಳಿ: ಬಿಟ್ಟಾಗ ರಕ್ತದಲ್ಲಿ ಓಲಾಂಜಪಿನ್, ಕ್ಲೋಜಪಿನ್ ಮಟ್ಟ ಏರುತ್ತದೆ, ಡೋಸ್ ತಗ್ಗಿಸಬೇಕಾಗಬಹುದು.

ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಏಳಲಾರದಷ್ಟು ಮಂಪರು ಕಂಡರೆ ಅಂದೇ ಸಕ್ಕರೆ ನೋಡಿಸಿ, ಆಸ್ಪತ್ರೆಗೆ ಹೋಗಿ. ಮಾತ್ರೆಯ ಚೀಟಿ ಜೊತೆಗಿರಲಿ.