ಸಿರಿಂಜಿನ ಮುಚ್ಚಳ ಯಾವ ಬಣ್ಣದ್ದು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಅವರಿಗೆ ಶುಗರ್ ಶುರುವಾಗಿ ಹನ್ನೆರಡು ವರ್ಷ ಆಯಿತು. ಮಾತ್ರೆ ಸಾಕಾಗದೆ ಹೋದ ವರ್ಷ ಡಾಕ್ಟರು ಇನ್ಸುಲಿನ್ ಬರೆದರು, ಬೆಳಗ್ಗೆ 20 ಯೂನಿಟ್. ಮೂರು ವಾರ ತಪ್ಪದೆ ಚುಚ್ಚಿಕೊಂಡರೂ ಶುಗರ್ ಇಳಿಯಲಿಲ್ಲ. "ಗಂಜಿ ಜಾಸ್ತಿ ಉಣ್ಣುತ್ತೀರಿ" ಅಂತ ಮನೆಯವರೆಲ್ಲ ಅವರನ್ನೇ ಗದರಿದರು. ನಾನೂ ಗದರಿದೆ.

ವಿಷಯ ಗೊತ್ತಾದದ್ದು ಆರೋಗ್ಯ ಕೇಂದ್ರದ ನರ್ಸ್ ಮನೆಗೆ ಬಂದ ದಿನ. ಅವರು ಉಪದೇಶ ಮಾಡಲಿಲ್ಲ. "ಅಮ್ಮಾ, ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ತೋರಿಸಿ" ಅಂದರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ಬಾಟಲಿಯನ್ನು ತಲೆಕೆಳಗೆ ಹಿಡಿದು, 20ರ ಗೆರೆಯವರೆಗೆ ಮದ್ದು ಎಳೆದರು. ಗೆರೆ ಒಂದಿಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ಸಿರಿಂಜ್. ಅದರ ಮುಚ್ಚಳ ಕಿತ್ತಳೆ ಬಣ್ಣದ್ದಾಗಿತ್ತು.

ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಇನ್ನೊಂದರಲ್ಲಿ 100. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ. ದೊಡ್ಡಮ್ಮನ ಬಾಟಲಿ 40ರದ್ದು. ಬಾಟಲಿ ತಂದದ್ದು ಒಂದು ಅಂಗಡಿಯಿಂದ, ಸಿರಿಂಜ್ ಇನ್ನೊಂದರಿಂದ. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆ ಅಂದರೆ 0.2 ಮಿಲಿಲೀಟರ್. ಹಾಗಾಗಿ ಅವರ ಮೈಗೆ ಹೋಗುತ್ತಿದ್ದದ್ದು ಬರೀ 8 ಯೂನಿಟ್!

ಇದು ತಿರುಗಾಮುರುಗಾ ಆಗಿದ್ದರೆ? 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಶುಗರ್ ಒಮ್ಮೆಲೇ ಕುಸಿದು ಜೀವಕ್ಕೇ ಅಪಾಯ. ಅದನ್ನು ನೆನೆಸಿದರೆ ನನಗೆ ಈಗಲೂ ಕೈ ನಡುಗುತ್ತದೆ.

ದೊಡ್ಡಮ್ಮ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು. ಮಲಯಾಳ ಮಾತು ಅರ್ಥ ಆಗುತ್ತದೆ, ಅಕ್ಷರ ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿ ಮಲಯಾಳದಲ್ಲಿತ್ತು, ಸಿರಿಂಜಿನ ಮೇಲಿದ್ದದ್ದು ಇಂಗ್ಲಿಷು. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಇದೇ ಕಥೆ, ಅಲ್ವಾ? ಮದ್ದು ಕೊಟ್ಟಷ್ಟೇ ಗಮನ ಕೊಟ್ಟು ಅದನ್ನು ರೋಗಿಯ ಭಾಷೆಯಲ್ಲಿ ಕಲಿಸಬೇಕು. ಕಲಿತದ್ದನ್ನು ಅವರ ಕೈಯಿಂದಲೇ ಮಾಡಿಸಿ ನೋಡಬೇಕು. "ಗೊತ್ತಾಯಿತಾ?" ಅಂತ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ.

ಇದು ಹೊಸ ವಿಚಾರ ಏನಲ್ಲ. 1922ರ ಜನವರಿಯಲ್ಲಿ ಟೊರಾಂಟೊದ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಬಾಸ್ಟನ್ನಿನ ಡಾಕ್ಟರ್ ಎಲಿಯಟ್ ಜಾಸ್ಲಿನ್ ಆ ಕಾಲದಲ್ಲೇ ರೋಗಿಗೆ ಕಲಿಸುವುದೂ ಚಿಕಿತ್ಸೆಯೇ ಅಂತ ಹಟ ಹಿಡಿದಿದ್ದರು. ಡಾಕ್ಟರು ನಮ್ಮನ್ನು ನೋಡುವುದು ಮೂರು ತಿಂಗಳಿಗೊಮ್ಮೆ, ಹತ್ತು ನಿಮಿಷ. ಉಳಿದ ದಿನವೆಲ್ಲ ನಾವೇ ನೋಡಿಕೊಳ್ಳಬೇಕು. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ ಶೇ. 25.5 ಮಂದಿಗೆ ಮಧುಮೇಹ ಇದೆ. ನಾಲ್ವರಲ್ಲಿ ಒಬ್ಬರಿಗೆ!

ಗಂಜಿಯ ಮಾತಿಗೆ ಬರುತ್ತೇನೆ. ಕುಚ್ಚಲಕ್ಕಿ ಆದರೆ ಶುಗರಿಗೆ ತೊಂದರೆ ಇಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಅದೂ ಅಕ್ಕಿಯೇ. ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ ಆಗುತ್ತದೆ. ಗಂಜಿ ಬಿಡಬೇಕಾಗಿಲ್ಲ. ಒಂದು ಸೌಟು ಕಡಿಮೆ ಮಾಡಿ, ಹೆಸರುಕಾಳಿನದ್ದೋ ತೊಂಡೆಕಾಯಿಯದ್ದೋ ಪಲ್ಯ ಜಾಸ್ತಿ ಬಡಿಸಿಕೊಂಡರೆ ಶುಗರ್ ನಿಧಾನಕ್ಕೆ ಏರುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡುವವರಿದ್ದಾರೆ. ಎಚ್‌ಬಿಎ1ಸಿ ಅನ್ನುವ, ಕಳೆದ ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ರಕ್ತಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ಅದಕ್ಕೆ ಅಂಟಿದ ಸಕ್ಕರೆ ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ.

ಇನ್ನು ಏಕಾದಶಿ. ಊಟ ಬಿಟ್ಟು ಇನ್ಸುಲಿನ್ ಮಾತ್ರ ಎಂದಿನಷ್ಟೇ ಹಾಕಿಕೊಂಡರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆಗ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಉಪವಾಸ ಮಾಡಲೇಬೇಕು ಅನ್ನುವವರು ಡಾಕ್ಟರನ್ನು ಮೊದಲೇ ಕೇಳಲಿ.

ನರ್ಸ್ ಹೊರಡುವಾಗ ದೊಡ್ಡಮ್ಮನ ಪಾದವನ್ನೂ ತಿರುಗಿಸಿ ನೋಡಿದರು. ತೋಟಕ್ಕೆ ಬರಿಗಾಲಲ್ಲಿ ಹೋಗಬೇಡಿ ಅಂದರು. ಶುಗರಿನಿಂದ ನರ ಸೋತ ಕಾಲಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲವಲ್ಲ. ಆಮೇಲೆ ಚೀಟಿಯ ಹಿಂದೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟರು: "40 – ಕೆಂಪು."

ಈಗ ಅಂಗಡಿಗೆ ಯಾರು ಹೊರಟರೂ ದೊಡ್ಡಮ್ಮ ಖಾಲಿ ಬಾಟಲಿ ಮತ್ತು ಒಂದು ಕೆಂಪು ಮುಚ್ಚಳ ಕೈಯಲ್ಲಿ ಇಟ್ಟೇ ಕಳಿಸುತ್ತಾರೆ.