ಹರಿದ ರೆಕ್ಕೆ, ಸುರುಟಿದ ರೆಕ್ಕೆ

ಜೊಂಡಿನ ಮೇಲೆ ಕುಳಿತ ಏರೋಪ್ಲೇನ್ ಚಿಟ್ಟೆಯ ಒಂದು ರೆಕ್ಕೆ ಮೊಂಡಾಗಿ ಕಂಡರೆ ಅದನ್ನು ಹುಟ್ಟಿನ ದೋಷವೆಂದು ಕೂಡಲೇ ಬರೆದುಕೊಳ್ಳಬೇಡಿ. ಮೊದಲು ಅಂಚು ನೋಡಿ. ಹಕ್ಕಿ ಕುಕ್ಕಿದ್ದರೆ ಅಥವಾ ಮುಳ್ಳಿಗೆ ಸಿಕ್ಕಿ ಹರಿದಿದ್ದರೆ ನರಗಳು ಕತ್ತರಿಸಿದಂತೆ ಅಂಚಿನಲ್ಲಿ ಥಟ್ಟನೆ ನಿಲ್ಲುತ್ತವೆ. ಸುರುಟಿದ ರೆಕ್ಕೆಯಲ್ಲಿ ಅಂಚಿನ ನರ ಎಲ್ಲೂ ತುಂಡಾಗದೆ ಸುಕ್ಕಿನ ಜೊತೆಗೇ ಸುತ್ತಿ ಬಂದಿರುತ್ತದೆ.

ಸುರುಟುವುದು ಹೆಚ್ಚಾಗಿ ಪೊರೆ ಬಿಡುವ ಒಂದೆರಡು ಗಂಟೆಯಲ್ಲಿ. ನೀರಿನಲ್ಲಿ ಬೆಳೆದ ಮರಿ ಕಾಂಡ ಹತ್ತಿ ಉಗುರೂರುತ್ತದೆ, ಬೆನ್ನು ಬಿರಿಯುತ್ತದೆ, ತಲೆ, ಎದೆ, ಕಾಲು ಹೊರಬರುತ್ತವೆ. ಕಾಲು ಗಟ್ಟಿಯಾದ ಮೇಲೆ ಹೊಟ್ಟೆಯನ್ನು ಎಳೆದುಕೊಂಡು, ದೇಹದ್ರವವನ್ನು ರೆಕ್ಕೆಗೆ ತಳ್ಳುತ್ತದೆ. ಆಗಿನ ರೆಕ್ಕೆ ಹಾಲುಬಿಳುಪು, ಒದ್ದೆ ಕಾಗದದಷ್ಟು ಮೆತ್ತಗೆ. ಗಾಳಿಗೆ ಎಲೆ ತಾಗಿದರೆ, ಮಳೆ ಹೊಡೆದರೆ, ಅದೇ ಕಾಂಡ ಹತ್ತುವ ಇನ್ನೊಂದು ಮರಿ ಮೆಟ್ಟಿದರೆ ಮಡಿಕೆ ಹಾಗೇ ಒಣಗಿಬಿಡುತ್ತದೆ. ಇದೇ ಕೊನೆಯ ಪೊರೆ. ಮುಂದೆ ಸರಿಹೋಗುವ ದಾರಿಯಿಲ್ಲ. ಬಿಡಿಸಿ ಕೊಡೋಣವೆಂದು ಚಾಚಿದ ಬೆರಳೂ ಇದನ್ನೇ ಮಾಡುತ್ತದೆ. ದಯವಿಟ್ಟು ಮುಟ್ಟಬೇಡಿ.

ಹಾರಲಾಗದವು ಬೇಗ ಇರುವೆ, ಹಕ್ಕಿಗಳ ಪಾಲಾಗುತ್ತವೆ. ಹನ್ನೊಂದು ಗಂಟೆಗೆ ಕೆರೆಗೆ ಹೋದವರಿಗೆ ದೋಷವೇ ಕಾಣದಿರುವುದು ಇದಕ್ಕೇ. ನಸುಕಿಗೇ ಹೋಗಿ, ಪ್ರತಿಸಲವೂ ಅದೇ 20 ಮೀಟರ್ ದಂಡೆ ನೋಡಿ. ಏರೋಪ್ಲೇನ್ ಚಿಟ್ಟೆಗಳಲ್ಲೇ ಗೊಂಫಿಡ್ ಎಂಬ ಕುಟುಂಬದ ಹಲವು ಜಾತಿಗಳು ಮಾತ್ರ ಹಗಲಿನಲ್ಲಿ, ಕಲ್ಲಿನ ಮೇಲೆ ಅಡ್ಡ ಕುಳಿತೇ ಪೊರೆ ಬಿಡುತ್ತವೆ.

ಫೋಟೊ ತೆಗೆಯುವಾಗ ಕ್ಯಾಮೆರಾ ರೆಕ್ಕೆಗೆ ಸಮಾನಾಂತರವಾಗಿರಲಿ. ಓರೆಯಾದರೆ ಸರಿಯಿರುವ ರೆಕ್ಕೆಯೂ ಗಿಡ್ಡ ಕಾಣುತ್ತದೆ. ಎಡವೋ ಬಲವೋ, ಮುಂರೆಕ್ಕೆಯೋ ಹಿಂರೆಕ್ಕೆಯೋ ಬರೆದುಕೊಳ್ಳಿ. ತುದಿಯ ಬಳಿಯ ಗಾಢ ಚುಕ್ಕೆ ನಾಲ್ಕರಲ್ಲೂ ಇದೆಯೇ ನೋಡಿ. ಅದು ಬರೀ ಅಲಂಕಾರವಲ್ಲ: ತೇಲುವಾಗ ರೆಕ್ಕೆ ಪಟಪಟ ಅದುರದಂತೆ ತಡೆಯುವ ತೂಕವೆಂದು 1972ರಲ್ಲೇ ನಾರ್ಬರ್ಗ್ ಎಂಬ ವಿಜ್ಞಾನಿ ತೋರಿಸಿದ್ದರು.

ಅಪರೂಪದ ಜಾತಿಗಳ ವಿಚಾರಕ್ಕೆ ಬಂದರೆ ನನಗೆ ಫೋಟೊಗಿಂತ ಖಾಲಿ ಪೊರೆಯ ಮೇಲೇ ಹೆಚ್ಚು ನಂಬಿಕೆ. ಹಾರುವ ಕೀಟ ಎಲ್ಲಿಂದಲೋ ಬಂದಿರಬಹುದು. ಪೊರೆ ಸಿಕ್ಕರೆ ಅದು ಆ ನೀರಿನಲ್ಲೇ ಬೆಳೆದಿದೆ ಎಂದರ್ಥ. ಪಶ್ಚಿಮಘಟ್ಟದ ಮ್ಯಾಕ್ರೋಮಿಯಾ ಎಂಬ ಏರೋಪ್ಲೇನ್ ಚಿಟ್ಟೆಗಳು ತೊರೆಯ ಮೇಲೆ ಸರ್ರನೆ ಹಾದುಹೋಗುತ್ತವೆ, ಕಣ್ಣಿಗೆ ಸಿಗುವುದು ಕಷ್ಟ. ಅವುಗಳ ಪೊರೆಯಾದರೋ ಬಂಡೆಗೆ, ಮರದ ಬೊಡ್ಡೆಗೆ ಅಂಟಿಕೊಂಡಿರುತ್ತದೆ: ಜೇಡನಂಥ ಉದ್ದ ಕಾಲು, ಹಣೆಯಲ್ಲೊಂದು ಪುಟ್ಟ ಕೊಂಬು. ಪೊರೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಕಾಲು ಮುರಿಯುತ್ತದೆ. ಬೆಂಕಿಪೊಟ್ಟಣದಲ್ಲಿಟ್ಟು ಸ್ಥಳ, ದಿನಾಂಕ, ನೀರಿನಿಂದ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಕಲೆಸಿಹೋಗುತ್ತದೆ.