ವಾಕ್ಯ ಮುಗಿಯುವ ಮೊದಲೇ ಜಾರುವ ಗಮನ

ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯೂ ಇರಬಹುದಾದ ಮಿದುಳಿನ ಬೆಳವಣಿಗೆಯ ಸ್ಥಿತಿ) ಇರುವವರ ಓದಿನ ದೂರು ಬಹುತೇಕ ಒಂದೇ: ಕಣ್ಣು ಪುಟದ ಕೊನೆ ಮುಟ್ಟಿರುತ್ತದೆ, ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಮನೆಯವರು ಇದಕ್ಕೆ ಸೋಮಾರಿತನ ಎಂದು ಹೆಸರಿಡುತ್ತಾರೆ, ಅದು ಅನ್ಯಾಯ. ಈಗಷ್ಟೇ ಓದಿದ್ದನ್ನು ಹಿಡಿದಿಟ್ಟುಕೊಂಡು ಮುಂದಿನದಕ್ಕೆ ಜೋಡಿಸುವ ಕಾರ್ಯಸ್ಮೃತಿ ಇವರಲ್ಲಿ ಅನೇಕರಿಗೆ ಬೇಗ ಕೈಕೊಡುತ್ತದೆ. 'ಗಮನ ಕೊಟ್ಟು ಓದು' ಎಂದು ಗದರಿದರೆ ಅದು ಬಲಗೊಳ್ಳುವುದಿಲ್ಲ. ತಲೆಯ ಹೊರೆಯನ್ನು ಕಾಗದಕ್ಕೆ ಇಳಿಸಬೇಕು.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಪಠ್ಯಪುಸ್ತಕ, ಕಾನೂನು, ಸರ್ಕಾರಿ ಆದೇಶಗಳಲ್ಲಿ 'ಮಾಡಲಾದ', 'ಎಂಬ', 'ಇರುವಂತಹ' ಎಂದು ಒಂದರೊಳಗೊಂದು ಹೆಣೆದುಕೊಂಡ ವಾಕ್ಯ ನಾಲ್ಕು ಸಾಲು ಓಡಿದರೆ, ಕ್ರಿಯಾಪದ ಸಿಗುವ ಹೊತ್ತಿಗೆ ಕರ್ತೃವೇ ಮರೆತುಹೋಗಿರುತ್ತದೆ. ಎರಡು ಸಾಲು ಮೀರಿದ ವಾಕ್ಯ ಕಂಡರೆ ಮೊದಲು ಪೂರ್ಣವಿರಾಮದ ಹಿಂದಿನ ಪದಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. 'ಯಾರು?' ಎಂದು ಕೇಳಿಕೊಂಡು ಕರ್ತೃವಿಗೆ ಸುತ್ತು ಹಾಕಿ. ಆಮೇಲೆ ಮೊದಲಿನಿಂದ, ಸಣ್ಣ ದನಿಯಲ್ಲಿ ಓದಿ. ಪ್ರತಿ ವಾಕ್ಯಕ್ಕೂ ಹೀಗೆ ಮಾಡಹೋದರೆ ಓದೇ ಬೇಸರವಾಗುತ್ತದೆ, ಬೇಡ.

ಪ್ಯಾರಾ ಮುಗಿದಾಗ ಪುಸ್ತಕದ ಅಂಚಿನಲ್ಲಿ ಮೂರರಿಂದ ಐದು ಪದ, ನಿಮ್ಮದೇ ಮಾತಿನಲ್ಲಿ. ಬರೆಯಲಾಗದಿದ್ದರೆ ಆ ಪ್ಯಾರಾ ಮಾತ್ರ ಮತ್ತೊಮ್ಮೆ, ಇಡೀ ಪುಟ ಅಲ್ಲ. ಬಣ್ಣದ ಹೈಲೈಟರ್ ಕೆಳಗಿಡುವುದು ಒಳ್ಳೆಯದು: ಯಾವುದು ಮುಖ್ಯ ಎಂದು ಯೋಚಿಸದೆಯೇ ಕೈ ಗೆರೆ ಎಳೆಯುತ್ತ ಹೋಗುತ್ತದೆ, ಓದಿದ ತೃಪ್ತಿಯಷ್ಟೇ ಸಿಗುತ್ತದೆ.

ಎಷ್ಟು ಹೊತ್ತು ಓದಬೇಕು? 25 ನಿಮಿಷ ಓದಿ ಸ್ವಲ್ಪ ಬಿಡುವು ಎಂಬ ಜನಪ್ರಿಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಗಮನ ಮೊದಲ ಸಲ ತಪ್ಪಿದಾಗ ಗಡಿಯಾರ ನೋಡಿ, ಮೂರು ದಿನ ಗುರುತು ಹಾಕಿಕೊಳ್ಳಿ. ಸರಾಸರಿ 12 ನಿಮಿಷ ಬಂದರೆ ಟೈಮರ್ 10ಕ್ಕಿರಲಿ. ಬಿಡುವು 3-5 ನಿಮಿಷ, ಎದ್ದು ಓಡಾಡಲು. ಬಿಡುವಿನಲ್ಲಿ ಮೊಬೈಲ್ ಕೈಗೆ ಬಂದರೆ ಐದು ನಿಮಿಷ ಅರ್ಧ ಗಂಟೆಯಾಗುತ್ತದೆ, ಅದು ಬೇರೆ ಕೋಣೆಯಲ್ಲೇ ಇರಲಿ. ಏಳುವ ಮುನ್ನ 'ಮುಂದೆ ಇಲ್ಲಿಂದ, ಈ ಪ್ರಶ್ನೆಗೆ' ಎಂದು ಚೀಟಿ ಬರೆದಿಡಿ. ಇವರಿಗೆ ಓದುವುದಕ್ಕಿಂತ ಮತ್ತೆ ಶುರು ಮಾಡುವುದೇ ಕಷ್ಟ. ನಡುವೆ ನೆನಪಾಗುವ ಕರೆಂಟ್ ಬಿಲ್, ಗೆಳೆಯನ ಫೋನು ಎಲ್ಲವೂ ಪಕ್ಕದ ಹಾಳೆಗೆ.

ಎಡಿಎಚ್‌ಡಿಗೆ ಮಾತ್ರೆ ತೆಗೆದುಕೊಳ್ಳುವವರು ಕಷ್ಟದ ಓದನ್ನು ಅದರ ಪರಿಣಾಮ ಇರುವ ಹೊತ್ತಿಗೆ ಇಟ್ಟುಕೊಳ್ಳಬೇಕು. ಇದಕ್ಕೆ ಕೊಡುವ ಔಷಧಗಳಲ್ಲಿ ಒಂದಾದ, ಪರಿಣಾಮ ಬೇಗ ಇಳಿಯುವ ಬಗೆಯ ಮೀಥೈಲ್‌ಫೆನಿಡೇಟ್ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಪರೀಕ್ಷೆ ಹತ್ತಿರ ಬಂತೆಂದು ಪ್ರಮಾಣವನ್ನು ತಾವೇ ಹೆಚ್ಚಿಸುವುದು ಅಪಾಯ, ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಇಷ್ಟೆಲ್ಲ ಮಾಡಿಯೂ ಮಗು ಒತ್ತಕ್ಷರದಲ್ಲಿ ಎಡವುತ್ತಿದ್ದರೆ, ಪದಪದವನ್ನೂ ಕೂಡಿಸಿಕೊಂಡೇ ಓದುತ್ತಿದ್ದರೆ, ಡಿಸ್ಲೆಕ್ಸಿಯಾ (ಅಕ್ಷರ, ಪದ ಗುರುತಿಸಿ ಓದುವುದರಲ್ಲೇ ಇರುವ ತೊಂದರೆ) ಪರೀಕ್ಷೆ ಮಾಡಿಸಿ. ಎಡಿಎಚ್‌ಡಿ ಜೊತೆ ಅದು ಇರುವುದು ಅಪರೂಪವಲ್ಲ, ಅದಕ್ಕೆ ತರಬೇತಿಯೇ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾ ಸೇರಿದ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯವೆಂದು ಗುರುತಿಸಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಪ್ರಮಾಣಪತ್ರ ಬೇಕಾಗುವುದರಿಂದ ಶಾಲಾ ವರ್ಷದ ಆರಂಭದಲ್ಲೇ ಓಡಾಡಿ.